ವೇಲ್ಸ್ ನಾಡಿನಲ್ಲಿ ಆರು ದಿನ

ಇಂಗ್ಲೆಂಡಿನಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಸಮಾಜದ ಹಿರಿಯರು ಸಾಮಾನ್ಯವಾಗಿ ಲಂಡನ್ ನಗರವನ್ನು ಸುತ್ತಿ, ಥೇಮ್ಸ್ ನದಿಯ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವೇಶ್ವರರ ಪುತ್ಥಳಿಗೆ ಪುಷ್ಪವನ್ನರ್ಪಿಸಿ, ಅಲ್ಲಿಗೆ ಪ್ರವಾಸ ಮುಗಿಯಿತೆಂದು ಭಾವಿಸುತ್ತಾರೆ. ಅದೇ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಇನ್ನೊಂದು ನಾಡಿದೆ. ಅದರ ಭಾಷೆ ಬೇರೆ, ಚರಿತ್ರೆ ಬೇರೆ, ನೋವೂ ಬೇರೆ. ಲಿವರ್‌ಪೂಲಿನಲ್ಲಿ ವೈದ್ಯವೃತ್ತಿಯಲ್ಲಿರುವ ಭಕ್ತ ದಂಪತಿಗಳ ಒತ್ತಾಯದ ಮೇರೆಗೆ ನಾವು ಕಳೆದ ಮೇ ತಿಂಗಳಲ್ಲಿ ಅವರೊಡನೆ ಆರು ದಿನ ಆ ನಾಡಿನಲ್ಲಿ ಸಂಚರಿಸಿದೆವು. ಹೋಗಬಯಸುವ ಕುಟುಂಬಗಳಿಗೆ ಉಪಯೋಗವಾದೀತೆಂದು ಕಂಡದ್ದನ್ನು ಇಲ್ಲಿ ನಿವೇದಿಸಿದ್ದೇವೆ.

ಗಡಿ ದಾಟಿದೊಡನೆ ರಸ್ತೆಯ ಫಲಕಗಳೆಲ್ಲ ಎರಡು ಭಾಷೆಗಳಲ್ಲಿ ಕಾಣತೊಡಗುತ್ತವೆ. ಮೊದಲ ರಾತ್ರಿ ನಾವು ತಂಗಿದ್ದು ಹಾರ್ಡನ್ ಎಂಬ ಊರಿನ ಗ್ರಂಥಾಲಯದಲ್ಲಿ. ಗ್ರಂಥಾಲಯದಲ್ಲಿ ವಸತಿಯೇ ಎಂದು ಆಶ್ಚರ್ಯಪಡಬೇಕಾಗಿಲ್ಲ. ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ಗ್ಲಾಡ್‌ಸ್ಟನ್ ತನ್ನ ಸುಮಾರು 32,000 ಪುಸ್ತಕಗಳನ್ನು ಸಾರ್ವಜನಿಕರಿಗೆ ಧಾರೆಯೆರೆದು ಕಟ್ಟಿದ ಸಂಸ್ಥೆಯಿದು. ಎಂಬತ್ತು ದಾಟಿದ ಆ ವೃದ್ಧ ಕೈಗಾಡಿಯಲ್ಲಿ ಗ್ರಂಥಗಳನ್ನು ತಾನೇ ತಳ್ಳಿಕೊಂಡು ಬಂದು ಸಾಗಿಸಿದನಂತೆ. ಬಾಡಿಗೆ ಕೊಟ್ಟರೆ ಯಾರು ಬೇಕಾದರೂ ಕೋಣೆ ಪಡೆದು ಉಳಿದು ಓದಬಹುದು. ಮಠದ ಪಾಠಶಾಲೆಯಲ್ಲಿ ಓಲೆಗರಿಯ ಕಟ್ಟುಗಳ ಪಕ್ಕದಲ್ಲಿಯೇ ಮಲಗಿ ಬೆಳೆದ ನಮಗೆ ಅಂದು ನಿದ್ರೆ ಸುಖವಾಗಿ ಬಂದಿತು.

ಮಿಕ್ಕ ದಿನಗಳಲ್ಲಿ ಒಕ್ಕಲು ಮನೆಗಳಲ್ಲಿ ಇಳಿದುಕೊಂಡೆವು. ಕುರಿ ಸಾಕುವ ರೈತರು ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಟ್ಟು, ಬೆಳಗಿನ ಉಪಾಹಾರವನ್ನೂ ನೀಡುವ ಪದ್ಧತಿ ಅಲ್ಲಿ ಎಲ್ಲೆಡೆಯೂ ಇದೆ. ನಾವು ಮಾಂಸವನ್ನೂ ಮೊಟ್ಟೆಯನ್ನೂ ಮುಟ್ಟುವುದಿಲ್ಲವೆಂದು ಕೋಣೆ ಗೊತ್ತುಮಾಡುವಾಗಲೇ ತಿಳಿಸಿಬಿಡಬೇಕು. ಹೊತ್ತಿಗೆ ಹೇಳಿದರೆ ಅವರಿಗೂ ಸಂಕೋಚ, ನಮಗೂ ಉಪವಾಸ. ವೈದ್ಯರ ಮನೆಯಾಕೆ ಕಟ್ಟಿಕೊಂಡು ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ನಮ್ಮನ್ನು ಕಾಪಾಡಿದವು. ಮಳೆಗೆ ಕಾಲವೆಂಬುದಿಲ್ಲ, ಮೇ ತಿಂಗಳಲ್ಲಿಯೂ ಉಣ್ಣೆಯ ಶಾಲು ಬೇಕಾಯಿತು.

ಎರಡನೆಯ ದಿನ ವರ್ನ್ವಿ ಸರೋವರಕ್ಕೆ ಹೋದೆವು. ಸುತ್ತಲೂ ದಟ್ಟ ಕಾಡಿನ ಬೆಟ್ಟಗಳು, ನಡುವೆ ಏಳು ಕಿಲೋಮೀಟರಿಗೂ ಮಿಕ್ಕ ಉದ್ದದ ನಿಶ್ಚಲ ಜಲರಾಶಿ, ದಡದ ಬಳಿ ನೀರಿನಿಂದೆದ್ದ ಕೋಟೆಯ ಬುರುಜಿನಂತಹ ಗೋಪುರ. ಚಿತ್ರಪಟದಂತೆ ಕಾಣುವ ಈ ಸರೋವರ ನಿಸರ್ಗ ನಿರ್ಮಿತವಲ್ಲ. ಲಿವರ್‌ಪೂಲ್ ನಗರದ ಬಾಯಾರಿಕೆಗಾಗಿ 1881ರಲ್ಲಿ ಆರಂಭಿಸಿ 1888ರಲ್ಲಿ ಮುಗಿಸಿದ ಕಲ್ಲಿನ ಅಣೆಕಟ್ಟೆಯಿಂದ ಆದದ್ದು. ಅದರ ಒಡಲಲ್ಲಿ ಲಾನ್‌ವುದಿನ್ ಎಂಬ ಊರಿದೆ. ಚರ್ಚು, ಎರಡು ಪ್ರಾರ್ಥನಾ ಮಂದಿರಗಳು, 37 ಮನೆಗಳು, ಹತ್ತು ಒಕ್ಕಲು ಮನೆಗಳು ಹೋದವು. ಹೊಸ ಚರ್ಚನ್ನು ಎತ್ತರದಲ್ಲಿ ಕಟ್ಟಿಸಿ, ಹಳೆಯ ಸ್ಮಶಾನದಲ್ಲಿದ್ದವರ ಅಸ್ಥಿಗಳನ್ನೂ ಅಲ್ಲಿಗೆ ಸಾಗಿಸಿದರು. 2022ರ ಬೇಸಗೆಯಲ್ಲಿ ನೀರಿಳಿದಾಗ ಆ ಊರಿನ ಗೋಡೆಗಳ ಅವಶೇಷ ಮೇಲೆ ಕಾಣಿಸಿಕೊಂಡಿದ್ದವು.

ಇದನ್ನು ಫಲಕದಲ್ಲಿ ಓದುತ್ತಿದ್ದಂತೆ ನಮ್ಮ ಮನಸ್ಸು ಕಲಕಿತು. ಹದಿನೈದು ದಿನಗಳಿಂದ ಲಿವರ್‌ಪೂಲಿನಲ್ಲಿ ನಾವು ಇಷ್ಟಲಿಂಗಕ್ಕೆ ಮಜ್ಜನಕ್ಕೆರೆಯುತ್ತಿದ್ದುದು ಈ ನೀರನ್ನಲ್ಲವೇ!

“ಇಷ್ಟು ವರ್ಷ ಆ ಊರಲ್ಲಿದ್ದೂ ನಳದ ನೀರು ಎಲ್ಲಿಂದ ಬರತದಂತ ಒಮ್ಮೆಯೂ ಕೇಳಿರಲಿಲ್ಲರಿ, ಗುರುಗಳೇ” ಎಂದರು ವೈದ್ಯರು. ನಾವೂ ಕೇಳಿರಲಿಲ್ಲ. ಅವರ ತಾಯಿಯ ತವರುಮನೆ ಹಳೆಯ ಬಾಗಲಕೋಟೆಯಲ್ಲಿದ್ದು, ಆಲಮಟ್ಟಿಯ ಹಿನ್ನೀರಿನ ಪಾಲಾಗಿದೆ. ಕೂಡಲಸಂಗಮದ ಐಕ್ಯಮಂಟಪವನ್ನು ಸುತ್ತ ಬಾವಿಯಂತೆ ಗೋಡೆಯೆತ್ತಿ ಉಳಿಸಿಕೊಂಡೆವು. ಲಾನ್‌ವುದಿನ್ನಿನ ಹಳೆಯ ಚರ್ಚಿಗೆ ಆ ಭಾಗ್ಯವಿರಲಿಲ್ಲ. ವೈದ್ಯರು ಬಹಳ ಹೊತ್ತು ಅಣೆಕಟ್ಟೆಯ ಮೇಲೆಯೇ ನಿಂತಿದ್ದರು. ಕರೆಯುವ ಧೈರ್ಯ ನಮಗಾಗಲಿಲ್ಲ.

ಸಮೀಪದಲ್ಲಿಯೇ ಲಾನ್‌ರಾಯಾಡರ್ ಎಂಬ ಹಳ್ಳಿಯಿದೆ. ಯಾತ್ರಿಕರು ಅಲ್ಲಿಗೆ ಹೋಗುವುದು ಸುಮಾರು 73 ಮೀಟರ್ ಎತ್ತರದ ಜಲಪಾತವನ್ನು ನೋಡಲು, ಅದು ನೋಡತಕ್ಕದ್ದೇ. ನಾವು ಹೋದದ್ದು ಅಲ್ಲಿಯ ಚರ್ಚಿನ ಧರ್ಮಗುರುವಾಗಿದ್ದ ವಿಲಿಯಂ ಮಾರ್ಗನ್ನನ ನೆನಪಿಗಾಗಿ. 1536ರ ಕಾಯದೆಯು ವೇಲ್ಷ್ ಭಾಷೆಯನ್ನು ನ್ಯಾಯಾಲಯಗಳಿಂದ ಹೊರಹಾಕಿತ್ತು. ಅಂತಹ ಕಾಲದಲ್ಲಿ ಮಾರ್ಗನ್ ಬೈಬಲ್ಲನ್ನು ಆ ಭಾಷೆಗೆ ಅನುವಾದಿಸಿ 1588ರಲ್ಲಿ ಪ್ರಕಟಿಸಿದ. ಅರಮನೆ ಕೈಬಿಟ್ಟ ನುಡಿಯನ್ನು ಪ್ರಾರ್ಥನೆ ಉಳಿಸಿತು. ದೇವರೊಡನೆ ಮನೆಮಾತಿನಲ್ಲಿ ಮಾತನಾಡಿದ ಶರಣರ ನಾಡಿನಿಂದ ಹೋದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. 2011ರ ಶಾಸನದಿಂದ ವೇಲ್ಷ್ ಅಲ್ಲಿ ಅಧಿಕೃತ ಭಾಷೆಯಾಗಿದೆ. ಊರ ಹೆಸರಿನ ಮೊದಲಲ್ಲಿರುವ ಅಕ್ಷರವನ್ನು ನಾವು ‘ಲ’ ಎಂದು ಬರೆದಿರುವುದು ಅಪರಾಧವೇ ಸರಿ. ಲಕಾರಕ್ಕೆ ನಾಲಗೆಯಿಟ್ಟು ಉಸಿರನ್ನು ಪಕ್ಕದಿಂದ ಊದಬೇಕು. ಒಕ್ಕಲು ಮನೆಯ ತಾಯಿ ಮೂರು ಸಲ ಹೇಳಿಕೊಟ್ಟು, ನಕ್ಕು ಕೈಬಿಟ್ಟರು.

ಬಾಲಾ ಎಂಬ ಊರಿನ ಸರೋವರ ಮಾತ್ರ ನಿಜವಾಗಿ ನಿಸರ್ಗದ್ದು. ಅದರ ದಡದಲ್ಲಿ ಓಡುವ ಪುಟ್ಟ ಉಗಿಬಂಡಿ ಮಕ್ಕಳಿಗೆ ಬಲು ಇಷ್ಟವಾಗುತ್ತದೆ. ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿ 1965ರಲ್ಲಿ ಮತ್ತೊಮ್ಮೆ ಲಿವರ್‌ಪೂಲಿನ ನೀರಿಗಾಗಿಯೇ ಮುಳುಗಿತು. ವೇಲ್ಸಿನ ಸಂಸತ್ ಸದಸ್ಯರಲ್ಲಿ ಬಹುತೇಕ ಎಲ್ಲರೂ ವಿರೋಧಿಸಿದರೂ ತಡೆಯಲಾಗಲಿಲ್ಲ. ಲಿವರ್‌ಪೂಲ್ ನಗರಸಭೆ ಕ್ಷಮೆ ಕೋರಿದ್ದು 2005ರಲ್ಲಿ.

ಸ್ನೋಡನ್ ಶಿಖರಕ್ಕೆ 1896ರಿಂದ ರೈಲಿದೆ. 1085 ಮೀಟರ್ ಎತ್ತರವನ್ನೇರಿ ನಾವು ಕಂಡದ್ದು ಬರಿಯ ಮೋಡ.

ಕೊನೆಯ ದಿನ ಪೋವಿಸ್ ಕೋಟೆ. ವೆಲ್ಷ್‌ಪೂಲ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಕೆಂಪು ಕಲ್ಲಿನ ಕೋಟೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಉದ್ಯಾನ, ಶತಮಾನಗಳಷ್ಟು ಹಳೆಯ ಮರಗಳು. ನಮ್ಮವರು ತಪ್ಪದೆ ನೋಡಬೇಕಾದದ್ದು ಒಳಗಿದೆ. ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಈ ಮನೆತನದ ಹೆನ್ರಿಯೆಟ್ಟಾಳನ್ನು ವರಿಸಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆತ ಮದರಾಸಿನ ಗವರ್ನರ್. ಮರುವರ್ಷ ಆಕೆ ಹೆಣ್ಣುಮಕ್ಕಳೊಂದಿಗೆ ಬೆಂಗಳೂರು, ಶ್ರೀರಂಗಪಟ್ಟಣಗಳನ್ನು ಸುತ್ತಿಬಂದಳು. ಟಿಪ್ಪು ಸುಲ್ತಾನನ ಹೂವಿನಚ್ಚಿನ ಡೇರೆ, ಅವನ ಸಿಂಹಾಸನವನ್ನಲಂಕರಿಸಿದ್ದ ರತ್ನಖಚಿತ ಚಿನ್ನದ ಹುಲಿತಲೆಗಳಲ್ಲೊಂದು ಈಗ ಈ ಕೋಟೆಯ ಸಂಗ್ರಹದಲ್ಲಿವೆ. ಆ ಡೇರೆಯನ್ನು ಮನೆತನದವರು ಇದೇ ಕೋಟೆಯ ಹುಲ್ಲುಹಾಸಿನ ಮೇಲೆ ಔತಣಗಳಿಗಾಗಿ ಹೊಡೆಯುತ್ತಿದ್ದರಂತೆ.

ಹುಲಿತಲೆ ನಾವು ಊಹಿಸಿದ್ದಕ್ಕಿಂತ ಬಹಳ ಚಿಕ್ಕದು, ಅಂಗೈಯಲ್ಲಿ ಹಿಡಿಯುವಷ್ಟು. ಅದರ ಮುಂದೆ ನಿಂತಿದ್ದಾಗ ಕಾವಲಿನ ವೃದ್ಧರು ಎಲ್ಲಿಂದ ಬಂದಿರೆಂದು ವಿಚಾರಿಸಿದರು. ಮೈಸೂರು ಸೀಮೆಯ ಉತ್ತರಕ್ಕೆ ನಮ್ಮ ಊರೆಂದು ತಿಳಿಸಿದೆವು. ಅವರು ಒಂದು ಹೆಜ್ಜೆ ಹಿಂದೆ ಸರಿದು, “ನಿಧಾನವಾಗಿ ನೋಡಿ” ಎಂದರು.