ಕಿಲೋ ಲೆಕ್ಕದ ಕೊಡ

ಇನ್‌ಸ್ಟಾಗ್ರಾಂನಲ್ಲಿ ‘ವಿಂಟೇಜ್ ಕಿಚನ್‌ವೇರ್’ ಅಂತ ಹುಡುಕಿ ನೋಡಿ. ಹಿತ್ತಾಳೆ ಕೊಡ, ಕಂಚಿನ ಗಂಗಾಳ, ಪಿಂಗಾಣಿ ಉಪ್ಪಿನಕಾಯಿ ಜಾಡಿ ಎಲ್ಲ ಬಿಳಿ ಗೋಡೆ ಮುಂದೆ ಫೋಟೋಗೆ ನಿಂತಿರುತ್ತವೆ. ಬೆಲೆ ತಿಳಿಯಲು ಮೆಸೇಜ್ ಮಾಡಬೇಕು. ತಿಳಿದ ಮೇಲೆ ಮತ್ತೆ ಆ ಪೇಜ್ ಕಡೆ ಹೋಗುವ ಧೈರ್ಯ ಬರಲ್ಲ. ಅವೇ ಸಾಮಾನು ಗುಜರಿ ಅಂಗಡಿಯಲ್ಲಿ ಗೋಣಿಚೀಲದೊಳಗೆ, ಹರಿದ ಸೈಕಲ್ ಚೈನಿನ ಪಕ್ಕ ಬಿದ್ದಿರುತ್ತವೆ. ಅಲ್ಲಿ ಬೆಲೆಯಲ್ಲಿ ಗುಟ್ಟಿಲ್ಲ. ಕಿಲೋಗೆ ಇಷ್ಟು, ಅಷ್ಟೇ.

ರಾಜ್ಯೋತ್ಸವಕ್ಕೆ ಸಂಘದಿಂದ ಹಳ್ಳಿ ಅಡುಗೆಮನೆಯ ಒಂದು ಮೂಲೆ ಮಾಡೋಣ ಅಂತ ತೀರ್ಮಾನವಾಗಿತ್ತು. ಪಾತ್ರೆ ಬಾಡಿಗೆ ಕೊಡುವವರು ಒಂದು ದಿನಕ್ಕೆ ಕೇಳಿದ್ದು 5,000 ರೂಪಾಯಿ. ಸಂಘ ನಮ್ಮ ಕೈಗೆ ಕೊಟ್ಟದ್ದು 3,000. ಹೀಗಾಗಿ ಅಕ್ಟೋಬರ್‌ನ ಒಂದು ಶನಿವಾರ ನಾವು ಮೂವರು ಮೋಟೆಬೆನ್ನೂರಿಗೆ ಹೋದೆವು. ಇಬ್ಬರಿಗೆ ಶಕ್ತಿ ಯೋಜನೆ, ಒಬ್ಬನಿಗೆ ಮಾತ್ರ ಟಿಕೆಟ್. ಅಲ್ಲಿಗೇ ಯಾಕೆ ಅಂದರೆ, ನಮ್ಮಲ್ಲೊಬ್ಬಳ ಅಜ್ಜಿ ಮನೆ ಅಲ್ಲಿದೆ. ಊಟಕ್ಕೂ ಮಲಗೋಕೂ ಖರ್ಚಿಲ್ಲ.

ಊರು ಗೊತ್ತಿಲ್ಲದವರಿಗೆ: ಬೆಂಗಳೂರಿನಿಂದ ಪುಣೆ ಹೆದ್ದಾರಿಯಲ್ಲಿ ರಾಣೆಬೆನ್ನೂರು ದಾಟಿ ಹಾವೇರಿ ಕಡೆ ಹೋಗುವಾಗ ಬ್ಯಾಡಗಿಗೆ ತಿರುಗುವುದು ಇಲ್ಲೇ. 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ಮೈಲಾರ ಮಹದೇವ ಈ ಊರಿನವರು. ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಮೆಸ್ಸಿನ ಸಾಂಬಾರು ಉಂಡವರಿಗೂ ಹೇಳಬೇಕಾಗಿಲ್ಲ (ಮೆಸ್ಸಿನವರು ಅದನ್ನು ಹಾಕಿದ್ದಾರೆ ಅಂತಲ್ಲ, ಹಾಕಬೇಕಿತ್ತು ಅಂತ).

ಅಮೆರಿಕದ ಥ್ರಿಫ್ಟ್ ಸ್ಟೋರ್ ವಿಡಿಯೋಗಳನ್ನು ನಾವೂ ನೋಡಿದವರೇ. ಅಲ್ಲಿ ಗುಡ್‌ವಿಲ್, ಸಾಲ್ವೇಶನ್ ಆರ್ಮಿಯಂಥ ಸಂಸ್ಥೆಗಳಿಗೆ ಜನ ಬೇಡವಾದದ್ದನ್ನು ದಾನ ಕೊಡುತ್ತಾರೆ, ಅವರು ಅದನ್ನು ಕಡಿಮೆ ಬೆಲೆಗೆ ಮಾರುತ್ತಾರೆ. ಎರಡು ಡಾಲರಿಗೆ ಹಳೇ ಪೈರೆಕ್ಸ್ ಬಟ್ಟಲು ಸಿಕ್ಕಿದವರು ಕುಣಿದಾಡುತ್ತಾರೆ. ನಮ್ಮ ಕಡೆ ಹಿತ್ತಾಳೆಯನ್ನು ‘ಬೇಡ’ ಅಂತ ಯಾರೂ ಕೊಡುವುದಿಲ್ಲ. ಹಿತ್ತಾಳೆ ಅಂದರೆ ಅಡುಗೆಮನೆಯಲ್ಲಿಟ್ಟ ಡಿಪಾಸಿಟ್. ಹೆಣ್ಣುಮಕ್ಕಳ ಹೆಸರಲ್ಲಿ ಬ್ಯಾಂಕ್ ಖಾತೆ ಇಲ್ಲದ ಕಾಲದಲ್ಲಿ ಕೊರಳಲ್ಲಿ ಬಂಗಾರ ಇತ್ತು, ನಾಗಂದಿಗೆ ಮೇಲೆ ತಾಮ್ರ, ಹಿತ್ತಾಳೆ ಇತ್ತು. ಕಷ್ಟ ಬಂದರೆ ಮೊದಲು ಬಂಗಾರ ಹೋಗುತ್ತದೆ, ಆಮೇಲೆ ಪಾತ್ರೆ. ಅಂದರೆ ಗುಜರಿ ಅಂಗಡಿಯಲ್ಲಿ ನಮಗೆ ಸಿಗುವ ‘ಬಾರ್ಗೇನ್’ ಯಾರೋ ಎರಡನೇ ಸಲ ಕಷ್ಟಕ್ಕೆ ಸಿಕ್ಕಾಗ ಬಂದದ್ದು. ಇದು ನಮ್ಮ ಥಿಯರಿ ಅಲ್ಲ. ಅಂಗಡಿ ಕಾಕಾ ಹೇಳಿದ್ದು.

“ನಮ್ಮ ಅಂಗಡಿ ಯಾವಾಗ ತುಂಬತೈತಿ ಹೇಳ್ರಿ? ಜೂನಿನಾಗ ಸಾಲಿ ಫೀ ಕಟ್ಟೂ ಮುಂದ. ಮೆಣಸಿನಕಾಯಿ ರೇಟ್ ಬಿದ್ದಾಗ.”

2024ರ ಮಾರ್ಚ್‌ನಲ್ಲಿ ದರ ಕುಸಿದು ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ಬೆಂಕಿ ಹಚ್ಚಿದ್ದು ನಾವು ಮೊಬೈಲಲ್ಲಿ ನೋಡಿ ಮುಂದೆ ಸ್ಕ್ರೋಲ್ ಮಾಡಿದ ಸುದ್ದಿ. ಕಾಕಾನಿಗೆ ಅದು ಅಂಗಡಿಗೆ ಎಷ್ಟು ಚೀಲ ಬಂತು ಅನ್ನುವ ಲೆಕ್ಕ.

ಈಗ ಸ್ವಲ್ಪ ನಮ್ಮ ಸಬ್ಜೆಕ್ಟ್. ಗುಜರಿಯಲ್ಲಿ ಹಳದಿಯಾಗಿ ಹೊಳೆಯುವುದೆಲ್ಲ ಹಿತ್ತಾಳೆ ಅಲ್ಲ. ಮೊದಲು ಮ್ಯಾಗ್ನೆಟ್ ಹಿಡಿಯಿರಿ. ಅಂಟಿಕೊಂಡರೆ ಅದು ಕಬ್ಬಿಣಕ್ಕೆ ಹಿತ್ತಾಳೆ ಬಣ್ಣದ ಲೇಪ ಕೊಟ್ಟದ್ದು. ಒಂದು ಚಂದದ ಚರಗಿ ಅಲ್ಲೇ ಫೇಲಾಯಿತು. ಮ್ಯಾಗ್ನೆಟ್ ಪಾಸಾದರೆ ಆರ್ಕಿಮಿಡೀಸ್. ಕಾಕಾನ ಹತ್ತಿರ ಕೊಕ್ಕೆ ಇರುವ ಡಿಜಿಟಲ್ ತಕ್ಕಡಿ ಇತ್ತು, ನಲ್ಲಿ ಕೆಳಗೆ ಬಕೆಟ್ ಇತ್ತು. ಗಂಗಾಳವನ್ನು ಹಗ್ಗಕ್ಕೆ ಕಟ್ಟಿ ತೂಗಿದರೆ 1,280 ಗ್ರಾಂ. ನೀರಲ್ಲಿ ಪೂರ್ತಿ ಮುಳುಗಿಸಿ ತೂಗಿದರೆ 1,130. ಕಡಿಮೆಯಾದ 150ರಿಂದ 1,280ನ್ನು ಭಾಗಿಸಿದರೆ 8.5. ಅಲ್ಯೂಮಿನಿಯಂ ಆಗಿದ್ದರೆ 2.7ರ ಹತ್ತಿರ ಬರಬೇಕು, ಸ್ಟೀಲ್ ಆಗಿದ್ದರೆ 8ರೊಳಗೆ. ಹಾಗಾದರೆ ತಾಮ್ರದ ಮಿಶ್ರಲೋಹ ಅಂತ ಖಾತ್ರಿ. ಆದರೆ ಹಿತ್ತಾಳೆಯೋ ಕಂಚೋ? ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಎರಡರ ಡೆನ್ಸಿಟಿಯೂ ಅಕ್ಕಪಕ್ಕ, ನಮ್ಮ ತಕ್ಕಡಿಗೆ ಅಷ್ಟು ಸೂಕ್ಷ್ಮ ಇಲ್ಲ.

ನಾವು ಹೀಗೆ ಹತ್ತು ನಿಮಿಷ ನೀರಾಟ ಆಡುವುದನ್ನು ಕಾಕಾ ಸುಮ್ಮನೆ ನೋಡುತ್ತಾ ಕೂತಿದ್ದರು. ಆಮೇಲೆ ಗಂಗಾಳವನ್ನು ಮೂರು ಬೆರಳ ಮೇಲೆ ಎತ್ತಿ ಹಿಡಿದು ಅಂಚಿಗೆ ಒಂದು ನಾಣ್ಯದಿಂದ ಹೊಡೆದರು. ಗುಂಯ್ಯೆಂದು ಬಂದ ನಾದ ಹೆದ್ದಾರಿಯಲ್ಲಿ ಒಂದು ಲಾರಿ ಹಾದುಹೋದ ಮೇಲೂ ಕೇಳುತ್ತಿತ್ತು. ಪಕ್ಕದ ಹಿತ್ತಾಳೆ ತಾಟಿಗೆ ಹೊಡೆದರೆ ‘ಟಣ್’ ಅಂದು ಮುಗಿಯಿತು. “ಕಂಚು. ಕಿಲೋಗೆ ಏಳುನೂರು.” ನಮ್ಮ ಲ್ಯಾಬ್ ರಿಪೋರ್ಟ್ ಅಲ್ಲಿಗೆ ಮುಕ್ತಾಯ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ಹಳೇ ಹಿತ್ತಾಳೆ ಬೋಗುಣಿ ಸಿಕ್ಕಿತು ಅಂತ ಸೀದಾ ಸಾರು ಮಾಡಬೇಡಿ. ಹುಣಸೆಹುಳಿ ಬಿದ್ದರೆ ಕಿಲುಬು ಬರುತ್ತದೆ. ಅದಕ್ಕೇ ಕಲಾಯಿ. ಪಾತ್ರೆ ಕಾಯಿಸಿ, ನವಸಾಗರದ ಪುಡಿ ಹಾಕಿ ಬಟ್ಟೆಯಿಂದ ಒರೆಸಿ, ತವರದ ಕಡ್ಡಿ ಮುಟ್ಟಿಸಿದರೆ 232 ಡಿಗ್ರಿಗೆಲ್ಲ ತವರ ಕರಗಿ ಒಳಗೆಲ್ಲ ಬೆಳ್ಳಿ ಥರ ಹರಡಿಕೊಳ್ಳುತ್ತದೆ. ಶುದ್ಧ ತವರ ಬೇಕು, ಸೀಸ ಬೆರೆತದ್ದು ಬೇಡ. ಕಲಾಯಿಯವರು ಈಗ ಸಿಗುವುದು ಕಷ್ಟ. ಸ್ಟೀಲ್, ಕುಕ್ಕರ್ ಬಂದ ಮೇಲೆ ಅವರಿಗೆ ಕೆಲಸ ಎಲ್ಲಿ?

ಇನ್ನು ಕೊಡ. ಅದು ಚೀಲದಲ್ಲಿ ಇರಲಿಲ್ಲ, ಕಾಕಾ ಕೂರುವ ಬೆಂಚಿನ ಕೆಳಗೆ ಬೇರೆಯಾಗಿ ಇತ್ತು. 3.4 ಕಿಲೋ. ಕೊರಳ ಕೆಳಗೆ ಸುತ್ತಲೂ ಚುಕ್ಕೆಚುಕ್ಕೆಯಾಗಿ ಕನ್ನಡ ಅಕ್ಷರ. ಈಗಿನ ಮಷಿನ್ ಬರಹ ಅಲ್ಲ, ಉಳಿ ಇಟ್ಟು ಸುತ್ತಿಗೆಯಿಂದ ಒಂದೊಂದೇ ಚುಕ್ಕೆ ಹೊಡೆದದ್ದು. ನಾವು ಮೂವರೂ ಇಂಗ್ಲಿಷ್ ಮೀಡಿಯಂ, ಕೊಡವನ್ನು ತಿರುಗಿಸುತ್ತಾ ಮಗ್ಗಿ ಹೇಳುವ ಹಾಗೆ ಜೋರಾಗಿ ಓದಿದೆವು. ‘ಚಿ. ಸೌ.’ ಅಂತ ಶುರುವಾಗಿ ಒಂದು ಹೆಸರು, ‘ಇವಳಿಗೆ ಅಣ್ಣಂದಿರಿಂದ’, ಮದುವೆಯ ತಾರೀಖು, 1974. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಮಾಡಿದ್ದನ್ನು ಮೈಕಿನಲ್ಲಿ ಕೂಗುತ್ತಾರೆ, ಇಂಥವರಿಂದ ಇಂಥದ್ದು ಅಂತ. ಮೈಕಿನ ಮಾತು ಆ ದಿನಕ್ಕೆ ಮುಗಿಯಿತು. ಕೊಡದ ಮೇಲಿನದು ಐವತ್ತು ವರ್ಷ ಉಳಿದಿದೆ. ಅತ್ತೆ ಮನೆಯ ಬಾವಿಕಟ್ಟೆಯಲ್ಲಿ ಹತ್ತು ಕೊಡಗಳ ನಡುವೆ ಇದು ನನ್ನದು ಅಂತ ಗುರುತು ಹಿಡಿಯೋಕೂ ಇದೇ ಬೇಕಿತ್ತು. ಹಾಗಂತ ಆ ಕಾಲವನ್ನು ಹೊಗಳುವ ಮನಸ್ಸು ನಮಗಿಲ್ಲ. ಅಳೆದು ನೋಡಿದೆವು, ಹನ್ನೆರಡು ಲೀಟರ್ ಹಿಡಿಯಿತು. ಕೊಡದ ತೂಕ ಸೇರಿ ಹದಿನೈದು ಕಿಲೋ ದಾಟುತ್ತದೆ. ಸೊಂಟದ ಮೇಲೆ ಒಂದು, ತಲೆ ಮೇಲೆ ಒಂದು. ಪ್ಲಾಸ್ಟಿಕ್ ಕೊಡ ಬಂದಾಗ ಹೆಂಗಸರು ಹಿತ್ತಾಳೆಯನ್ನು ಅಟ್ಟಕ್ಕೇರಿಸಿದ್ದರಲ್ಲಿ ಆಶ್ಚರ್ಯ ಏನಿದೆ?

“ಹೆಸರಿಗೆ ಬೇರೆ ರೇಟ್ ಐತೇನ್ರೀ ಕಾಕಾ?” ಅಂತ ಕೇಳಿದೆವು.

“ಹೆಸರಿಗೇನ್ ತೂಕ ಇರತೈತೇನ್ ತಮ್ಮಾ. ಐನೂರಾ ಇಪ್ಪತ್ತ ಕಿಲೋ, ಎಲ್ಲಾ ಹಿತ್ತಾಳಿಗೂ ಒಂದ ರೇಟ್.” ಸ್ವಲ್ಪ ಹೊತ್ತು ಬಿಟ್ಟು ಅವರೇ ಹೇಳಿದರು, “ಇದು ಜೂನಿನಾಗ ಬಂದದ್ದು. ಹೆಸರ ಇದ್ದದ್ದನ್ನ ನಾಕ ತಿಂಗಳ ಬಾಜೂಕ ಇಟ್ಟಿರ್ತೀನಿ. ಬಂದ ಕೇಳಿದ್ರ ತೂಕಕ್ಕ ತೂಕ ತಿರುಗಿ ಕೊಡ್ತೀನಿ. ಬರೂದಿಲ್ಲ. ಆಮ್ಯಾಲ ಹುಬ್ಬಳ್ಳಿಗೆ ಹೋಗತೈತಿ.”

ಅಲ್ಲಿಂದ ಮುಂದೆ ಎಲ್ಲೋ ಕುಲುಮೆ. ಜಾಮ್‌ನಗರದಂಥ ಕಡೆ ಹಿತ್ತಾಳೆ ಗುಜರಿ ಕರಗಿಸಿ ನಲ್ಲಿ, ಸ್ವಿಚ್ ಪಿನ್ ಮಾಡುತ್ತಾರೆ. ಅಣ್ಣಂದಿರು ಕೊಟ್ಟದ್ದು ಯಾರದೋ ಮನೆ ಪ್ಲಗ್‌ನಲ್ಲಿ ಚಾರ್ಜರ್ ಹಿಡಿದುಕೊಂಡು ಕೂತಿರಬಹುದು.

ಲೆಕ್ಕ ಹಾಕಿದರೆ ಕೊಡಕ್ಕೆ 1,768, ಗಂಗಾಳಕ್ಕೆ 896. ಚೌಕಾಸಿ ಮಾಡಿ 1,750 ಮತ್ತು 850ಕ್ಕೆ ಇಳಿಸಿದೆವು. ಒಟ್ಟು 2,600.

ಅಜ್ಜಿ ಪಡಸಾಲೆಯಲ್ಲಿ ಕೂತು ಗಂಗಾಳವನ್ನು ಮೆಚ್ಚಿದರು. ಕೊಡವನ್ನು ಕೈಗೆ ತಗೊಂಡವರು ಓದಲಿಲ್ಲ, ಅವರಿಗೆ ಓದು ಬರುವುದಿಲ್ಲ. ತಳದ ಹತ್ತಿರ ಒಂದು ಬೆಸುಗೆ ಇತ್ತು, ಅದರ ಮೇಲೆ ಹೆಬ್ಬೆರಳು ಆಡಿಸಿ ಕೇಳಿದರು. “ಇದು ಎಲ್ಲಿ ಸಿಕ್ತು?”

ನಾವು ಹೆಸರು ಓದಿ ಹೇಳಿದೆವು. ಆ ಹೆಸರಿನವರು ಮೂರು ಓಣಿ ಆಚೆ ಇದ್ದಾರೆ. ಈಗಲೂ ಇದ್ದಾರೆ! ಬೆಸುಗೆ ಹಾಕಿಸಲು ಇಬ್ಬರೂ ಕೂಡಿ ಬ್ಯಾಡಗಿಗೆ ನಡೆದುಕೊಂಡು ಹೋಗಿದ್ದರಂತೆ.

ನಮ್ಮ ಮೂವರ ತಲೆಯಲ್ಲೂ ಒಂದೇ ಐಡಿಯಾ ಬಂತು. ಈಗಲೇ ಹೋಗಿ ಕೊಟ್ಟು ಬರೋಣ, ದುಡ್ಡು ಬೇಡ ಅನ್ನೋಣ. ಸಂಘಕ್ಕೆ ನಾವೇ ಕೈಯಿಂದ ಹಾಕಿದರಾಯಿತು. ಒಬ್ಬ ಆಗಲೇ ಚಪ್ಪಲಿ ಮೆಟ್ಟಿದ್ದ. ಅಜ್ಜಿ ಬಾಗಿಲಿಗೆ ಅಡ್ಡ ಬಂದರು.

“ಯಾಕ ಯಪ್ಪಾ, ಆಕೀ ಮಾರಿ ತಗಸಬೇಕಂತ ಮಾಡೀರೇನು? ಕತ್ತಲದಾಗ ಒಯ್ದು ಹಾಕಿ ಬಂದಿರ್ತಾಳ ಆಕಿ. ನಾಳೆ ನೀವು ಹಾಡಹಗಲಾಗ ಹೊತ್ಕೊಂಡ್ ಹೋಗಿ ಕೊಟ್ರ ಇಡೀ ಓಣಿಗೆ ತಿಳೀತೈತಿ. ಕೊಡಾ ಬರತೈತಿ, ಮಾನಾ ಬರತೈತೇನು?”

ಮುಂದೆ ನಾವೇನೂ ಮಾತಾಡಲಿಲ್ಲ. ಅಜ್ಜಿಯೇ ಒಂದು ದಾರಿ ಹೇಳಿದರು. ನಿಮ್ಮ ಕಾಲೇಜಿನ ಹಬ್ಬ ಮುಗಿಯಲಿ, ಕೊಡ ತಂದು ನನಗೆ ಮಾರಿರಿ, ನೀವು ಕೊಟ್ಟಷ್ಟಕ್ಕೇ. ನಮ್ಮ ಮನೆ ಅಟ್ಟದ ಮೇಲಿರಲಿ. ಆಕಿ ಕೈಯಲ್ಲಿ ರೊಕ್ಕ ಆದಾಗ ನಾನೇ ಮಾತು ತೆಗೆಯುತ್ತೇನೆ, ನನಗಿದು ಭಾರ ಆಗಿದೆ ಒಯ್ಯಿ ಅಂತ. ಆ ತನಕ ಯಾರ ಮುಂದೂ ಬಾಯಿ ಬಿಡಬೇಡಿ.

ವಾಪಸ್ ಬರುವಾಗ ಹಾವೇರಿಯಲ್ಲಿ ಪಾಲಿಶ್ ಮಾಡಿಸಲು ಒಂದು ಪಾತ್ರೆ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಕೊಡ ನೋಡಿದವನೇ, “ಬಫ್ ಹೊಡೆದ್ರ ಹೆಸರೂ ಹೋಗತೈತಿ, ಹೊಸದರಂಗ ಆಗತೈತಿ” ಅಂದ. ಬೆಂಗಳೂರಿಗೆ ಮಾರುವವರು ಹಾಗೇ ಮಾಡಿಸುತ್ತಾರಂತೆ. ಕೊಳ್ಳುವವರಿಗೆ ಹಳೇ ಪಾತ್ರೆ ಬೇಕು, ಹಳೇ ಹೆಸರು ಬೇಡ. ನಾವು ಕೊಡವನ್ನು ಎತ್ತಿಕೊಂಡು ಬಂದು ಹಾಸ್ಟೆಲ್ ನಲ್ಲಿಯಲ್ಲಿ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದೆವು. ನೀರಿನ ಟೈಮ್ ಮುಗಿಸಿದ್ದಕ್ಕೆ ಫ್ಲೋರಿನವರು ಬೈದರು.

ನವೆಂಬರ್ 1ಕ್ಕೆ ನಮ್ಮ ಮೂಲೆಯನ್ನು ನೀವೆಲ್ಲ ನೋಡಿದ್ದೀರಿ. ಕೊಡ ಗೋಡೆಗೆ ಹತ್ತಿ ಇತ್ತು, ಹೆಸರಿನ ಕಡೆ ಒಳಗೆ. ಯಾಕೆ ತಿರುಗಿಸಿಟ್ಟಿದ್ದೀರಿ, ಅಕ್ಷರ ಚೆನ್ನಾಗಿದೆಯಲ್ಲ, ಫೋಟೋ ತೆಗೆಯೋಣ ಅಂದವರಿಗೆ ನಾವು ಸರಿಯಾಗಿ ಉತ್ತರ ಕೊಡಲಿಲ್ಲ. ಆ ಸಂಜೆ ಅತಿಥಿಗಳ ಜೊತೆ ಬಂದಿದ್ದ ಒಬ್ಬರು ಕೊಡಕ್ಕೆ 6,000 ರೂಪಾಯಿ ಕೊಡುತ್ತೇನೆ ಅಂದರು. ‘ಆಂಟಿಕ್’ ಅಂತ ಬೇರೆ ಅಂದರು. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಆ ಲೆಕ್ಕಕ್ಕೆ ಬರಲು ಕನಿಷ್ಠ ನೂರು ವರ್ಷ ಬೇಕು. ಈ ಕೊಡ ನಮ್ಮ ಕೆಲವು ಮೇಷ್ಟ್ರುಗಳಿಗಿಂತ ಚಿಕ್ಕದು.

ಪುಣೆಯಲ್ಲಿ ಇದೇ ಹೆದ್ದಾರಿಯ ಆ ತುದಿಗೆ ರಾಜಾ ದಿನಕರ ಕೇಳ್ಕರ್ ಮ್ಯೂಸಿಯಂ ಇದೆ. ಕೇಳ್ಕರ್ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ದೀಪ, ಪಾತ್ರೆ, ಅಡಕತ್ತರಿ ಎಲ್ಲ ಊರೂರು ಅಲೆದು ಕೂಡಿಸಿದ್ದು. ಅಹಮದಾಬಾದಿನ ವಿಶಾಲಾದಲ್ಲಿ ಪಾತ್ರೆಗಳದ್ದೇ ಮ್ಯೂಸಿಯಂ ಇದೆ, 1981ರಿಂದ. ಅಂಥ ಕಡೆ ಕೊಡಬಹುದಿತ್ತಲ್ಲ ಅಂತ ಸಂಘದ ಮೀಟಿಂಗ್‌ನಲ್ಲಿ ಒಬ್ಬರು ಕೇಳಿದರು. ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕಾದದ್ದು ಒಡೆಯರು ಇಲ್ಲದ ಪಾತ್ರೆ. ಇದಕ್ಕೆ ಒಡತಿ ಇದ್ದಾರೆ, ಮೂರು ಓಣಿ ಆಚೆ.

ಡಿಸೆಂಬರ್‌ನಲ್ಲಿ ಕೊಡ ಮೋಟೆಬೆನ್ನೂರಿಗೆ ಹೋಯಿತು. ಅಜ್ಜಿ ಸೆರಗಿನ ಗಂಟು ಬಿಚ್ಚಿ 1,750 ಎಣಿಸಿ ಕೊಟ್ಟರು. ಬೇಡ ಅಂದರೆ ಬೈದರು. 6,000 ಬರುವ ಕಡೆ 1,750ಕ್ಕೆ ಯಾಕೆ ಮಾರಿದಿರಿ ಅಂತ ನಮ್ಮ ಖಜಾಂಚಿ ಇನ್ನೂ ಕೇಳುತ್ತಿದ್ದಾನೆ. ಈ ಬರಹವನ್ನು ವೋಚರ್ ಜೊತೆ ಪಿನ್ ಮಾಡಿಕೊಳ್ಳಲಿ.

ಕಂಚಿನ ಗಂಗಾಳದ ಮೇಲೆ ಯಾರ ಹೆಸರೂ ಇಲ್ಲ, ಅದು ಸಂಘದ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಯುಗಾದಿಗೆ ಬೇಕಾದವರು ರಿಜಿಸ್ಟರ್‌ನಲ್ಲಿ ಬರೆದು ಒಯ್ಯಬಹುದು. ಸ್ಟೀಲ್ ಉಜ್ಜಿ ಹಾಕಿ ತಿಕ್ಕಬೇಡಿ.