ಅಜ್ಜನ ತಾಳ, ನನ್ನ ಹಲಗೆ

ಕಮಲಾಪುರದ ಹತ್ತಿರದ ನಮ್ಮೂರ ಚರ್ಚಿನಲ್ಲಿ ಸುಗ್ಗಿ ಹಬ್ಬದ ದಿನ ಜೋಳದ ತೆನೆ, ತೊಗರಿ ಚೀಲ, ಕೆಂಪು ಬಾಳೆಗೊನೆಗಳನ್ನು ದೇವರ ಮುಂದೆ ತಂದಿಡುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವೂ ಲಿಲಾವಿಗೆ. ಬಾಳೆಗೊನೆಗೆ ಜಿದ್ದು ಜಾಸ್ತಿ.

ಆ ವರ್ಷ ನಾವು ಹುಡುಗರು ಹಲಗೆಯನ್ನೂ ತರಬೇಕೆಂದೆವು. ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ನಾನೇ ಮುಂದಾಳು. ಕೀಬೋರ್ಡು ಹೊರಗಿನದು, ಹಲಗೆ ನಮ್ಮದು ಎಂಬುದು ನನ್ನ ವಾದ. ನಿಘಂಟಿನ ಕಿಟ್ಟೆಲ್ ಅದಕ್ಕೂ 32 ವರ್ಷ ಮೊದಲೇ, 1862ರಲ್ಲಿ, ‘ಕಥಾಮಾಲೆ’ಯಲ್ಲಿ ಯೇಸುವಿನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದ್ದರು. ಜರ್ಮನಿಯಿಂದ ಬಂದವರಿಗೆ ಒಗ್ಗಿದ್ದು ನಮಗೆ ಒಗ್ಗದೇ?

ಅಜ್ಜ ಕೇಳಿಸಿಕೊಂಡು ಸುಮ್ಮನಿದ್ದ. ರಾತ್ರಿ ಊಟಕ್ಕೆ ಕೂತಾಗ ಅಂದ: “ನಮ್ದು ಅಂತೀ ಏನ್ ತಮ್ಮಾ? ಊರಾಗ ಯಾರ ಮನ್ಯಾಗ ಹೆಣ ಬಿದ್ರೂ ನಮ್ಮ ಬಾಗಿಲಿಗಿ ಆಳು ಬರ್ತಿದ್ದ. ಮೈಯಾಗ ಜ್ವರ ಇದ್ರೂ ಹೋಗಿ ಬಡೀಬೇಕಿತ್ತು. ಅದ್ನ ಬಿಟ್ಟೇ ಇಲ್ಲಿಗಿ ಬಂದೀನಿ.”

ಬೀದರ, ಕಲಬುರಗಿ ಕಡೆ ನಿಜಾಮರ ಕಾಲದಲ್ಲಿ ಮೆಥೊಡಿಸ್ಟ್ ಮಿಷನ್ ಸೇರಿದವರಲ್ಲಿ ಹೆಚ್ಚಿನವರು ದಲಿತ ಕೇರಿಗಳವರು. ಇದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆಯುವಷ್ಟು. ಸಭೆ ಸುತ್ತಲಿನ ಸಂಸ್ಕೃತಿಯೊಡನೆ ಬೆರೆಯಬೇಕು ಎನ್ನುವಾಗ ಆ ಸಂಸ್ಕೃತಿಯೊಳಗೆ ಒಬ್ಬೊಬ್ಬರು ಎಲ್ಲಿ ನಿಂತಿದ್ದರು ಎಂದು ನಾನು ಕೇಳಿಕೊಂಡಿರಲಿಲ್ಲ. ಕಿಟ್ಟೆಲ್ ಛಂದಸ್ಸನ್ನು ತಾವಾಗಿ ಹುಡುಕಿಕೊಂಡು ಹೋದವರು. ಅಜ್ಜನನ್ನು ಹಲಗೆಯೇ ಹುಡುಕಿಕೊಂಡು ಬರುತ್ತಿತ್ತು.

ಹಾಗಂತ ಅಜ್ಜ ಇಂಗ್ಲಿಷ್ ರಾಗದ ಭಕ್ತನೇನಲ್ಲ. ಕೀರ್ತನೆ ಪುಸ್ತಕ ಹಿಡಿದು ನಿಂತರೆ ಅವನಿಗೆ ನಿದ್ದೆ. ಶನಿವಾರ ರಾತ್ರಿ ಚಾಪೆ ಹಾಸಿ ಕೂತು, ತಾಳ ಹಿಡಿದು, ಏಕತಾರಿಯ ತತ್ವಪದದ ಧಾಟಿಯಲ್ಲಿ ಯೇಸುವಿನ ಭಜನೆ ಎತ್ತಿಕೊಂಡನೆಂದರೆ ಪಕ್ಕದ ಓಣಿಯವರೂ ಬಂದು ಕೂರುತ್ತಿದ್ದರು. ಅವರಲ್ಲಿ ಮೊಹರಂ ಪದ ಹಾಡುವವರೂ ಇದ್ದರು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅಜ್ಜ ಯಾವ ಪಾದ್ರಿಯನ್ನೂ ಕೇಳಿರಲಿಲ್ಲ. ನನ್ನನ್ನಂತೂ ಕೇಳಬೇಕಿರಲಿಲ್ಲ.

ಆ ವರ್ಷ ಹಲಗೆ ಬರಲಿಲ್ಲ. ಈಗ ಬರುತ್ತದೆ, ಕ್ರಿಸ್ಮಸ್‌ಗೆ. ಬಾರಿಸುವವನು ಇಂಜಿನಿಯರಿಂಗ್ ಓದುವ ಹುಡುಗ. ಅವನ ಬಾಗಿಲಿಗೆ ಯಾವ ಆಳೂ ಬಂದಿಲ್ಲ. ಚೆನ್ನಾಗಿ ಬಾರಿಸುತ್ತಾನೆ, ಹೆಂಗಸರೂ ಎದ್ದು ಹೆಜ್ಜೆ ಹಾಕುತ್ತಾರೆ. ಅಜ್ಜ ಎದ್ದು ಹೋಗುವುದಿಲ್ಲ. ಹಿಂದಿನ ಬೆಂಚಿನಲ್ಲಿ ತಾಳವನ್ನು ತೊಡೆಯ ಮೇಲಿಟ್ಟುಕೊಂಡು, ಅದು ಮುಗಿಯುವವರೆಗೂ ಕೂತಿರುತ್ತಾನೆ.