ವೈರ್ ಇಲ್ಲದ ಎಕ್ಸಲೇಟರ್

ರಾಯಬಾಗದಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗ್ಯಾರೇಜಿನವರಿಗೆ ಬುತ್ತಿ ಬಿಚ್ಚುವಷ್ಟೂ ಪುರಸೊತ್ತಿರುವುದಿಲ್ಲ. ಕುಡಚಿ ರಸ್ತೆಯ ಆ ಮೇಸ್ತ್ರಿಯವರು ಮೂವತ್ತು ವರ್ಷಗಳಲ್ಲಿ ಬದಲಿಸಿದ ಎಕ್ಸಲೇಟರ್ ವೈರುಗಳಿಗೆ ಲೆಕ್ಕವಿಲ್ಲ. ಹಳೆಯ ಪೆಟ್ರೋಲ್ ಕಾರಿನಲ್ಲಿ ಅದರ ಒಂದು ತುದಿ ಪೆಡಲಿಗೆ, ಇನ್ನೊಂದು ತುದಿ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆಗೆ. ಕಾಲು ಒತ್ತಿದಷ್ಟು ತಟ್ಟೆ ತಿರುಗುತ್ತದೆ, ತಿರುಗಿದಷ್ಟು ಗಾಳಿ ಒಳಹೋಗುತ್ತದೆ. ನಡುವೆ ದಲ್ಲಾಳಿ ಇಲ್ಲ! ವೈರು ಹರಿದರೆ ಕಣ್ಣಿಗೆ ಕಾಣುತ್ತದೆ, ತುಕ್ಕು ಹಿಡಿದರೆ ಕಾಲಿಗೆ ತಿಳಿಯುತ್ತದೆ.

ಇಷ್ಟಕ್ಕೆ ಕಾಲೇಜೇಕೆ ಎಂಬುದು ಅವರ ವಾದ. ಮಗ ಆಟೊಮೊಬೈಲ್ ಡಿಪ್ಲೊಮಾಕ್ಕೆ ಸೇರುತ್ತೇನೆಂದಾಗ, “ಪಾನಾ ಹಿಡಿಯೋದಕ್ಕ ಮೂರು ವರ್ಷ ಕಲೀಬೇಕೇನೋ?” ಎಂದಿದ್ದರು. ತಾಯಿ ಹಟ ಹಿಡಿದು, ಸಂಘದಲ್ಲಿ ಸಾಲ ತೆಗೆದು ಕಳಿಸಿದ್ದಳು.

ಎರಡನೆಯ ವರ್ಷದ ರಜೆಗೆ ಹುಡುಗ ಬಂದಾಗ ಅಂಗಳದಲ್ಲೊಂದು ಹೊಸ ಪೆಟ್ರೋಲ್ ಕಾರು ಎರಡು ದಿನದಿಂದ ನಿಂತಿತ್ತು. ಎಂಜಿನ್ ಚಾಲೂ ಆಗುತ್ತದೆ. ಎಷ್ಟು ಒತ್ತಿದರೂ ಎತ್ತಿನ ಗಾಡಿಯ ವೇಗ. ಸಂಜೆಯೊಳಗೆ ಆಗದಿದ್ದರೆ ಬೆಳಗಾವಿಗೆ ಎಳೆಸಿಕೊಂಡು ಹೋಗುತ್ತೇನೆಂದು ಗಿರಾಕಿ ಹೇಳಿ ಹೋಗಿದ್ದರು. ಆ ತಿಂಗಳಲ್ಲಿ ಹಾಗೆ ಹೋದ ಕಾರುಗಳು ಆಗಲೇ ಮೂರು.

“ಇದರಾಗ ವೈರ್ ಎಲ್ಲಿ ಐತೋ?”

“ವೈರ್ ಎಳಿಯೂದಿಲ್ಲಪ್ಪಾ. ಪೆಡಲ್‌ನಾಗ ಸೆನ್ಸರ್ ಅದಾವ.”

ಇಲ್ಲಿ ಕಾಲು ತಟ್ಟೆಯನ್ನು ತಿರುಗಿಸುವುದಿಲ್ಲ. ಅರ್ಜಿ ಹಾಕುತ್ತದೆ, ಅಷ್ಟೆ. ಪೆಡಲು ಎಷ್ಟು ಇಳಿಯಿತೆಂಬುದನ್ನು ಸೆನ್ಸರು ವೋಲ್ಟೇಜಿನಲ್ಲಿ ಕಂಪ್ಯೂಟರಿಗೆ ಹೇಳುತ್ತದೆ. ಏಸಿ ಚಾಲೂ ಇದೆಯೇ, ಚಕ್ರ ಜಾರುತ್ತಿದೆಯೇ ಎಂದೆಲ್ಲ ನೋಡಿ ಕಂಪ್ಯೂಟರು ಒಂದು ಪುಟ್ಟ ಮೋಟಾರಿನಿಂದ ತಟ್ಟೆ ತೆರೆಸುತ್ತದೆ. 1980ರ ದಶಕದ ಕೊನೆಗೇ ಬಿಎಂಡಬ್ಲ್ಯೂ 7 ಸರಣಿಯ ಕಾರಿನಲ್ಲಿ ಈ ಏರ್ಪಾಡಿತ್ತು. ಭಾರತದಲ್ಲಿ 2017ರ ಕೆಟಿಎಂ 390 ಡ್ಯೂಕ್ ಬೈಕಿಗೂ ಬಂತು. ಆದರೆ ಹಳ್ಳಿಯ ಅಗ್ಗದ ಬೈಕುಗಳಲ್ಲಿ ಇಂದಿಗೂ ವೈರೇ.

“ಅಂದ್ರ ಡ್ರೈವರ್ ಕಾಲಿಗೆ ಕಿಮ್ಮತ್ತಿಲ್ಲ ಅನ್ನು. ಆ ಕಂಪ್ಯೂಟರ್ ತಲಿ ಕೆಟ್ಟರ?”

ಮೇಸ್ತ್ರಿಯವರ ಈ ಪ್ರಶ್ನೆ ಸಣ್ಣದಲ್ಲ. ಕಾರು ತಾನಾಗಿ ಓಡಿಬಿಡುತ್ತದೆಂಬ ದೂರುಗಳ ಮೇಲೆ ಅಮೆರಿಕದಲ್ಲಿ ಟೊಯೋಟಾ ಕಾರುಗಳನ್ನು ನಾಸಾದ ಎಂಜಿನಿಯರುಗಳೇ ಶೋಧಿಸಬೇಕಾಯಿತು. 2011ರ ಅವರ ವರದಿಯಲ್ಲಿ ಎಲೆಕ್ಟ್ರಾನಿಕ್ ದೋಷಕ್ಕೆ ಪುರಾವೆ ಸಿಕ್ಕಿರಲಿಲ್ಲ; ಕಾಲಡಿಯ ಮ್ಯಾಟು, ಸಿಕ್ಕಿಕೊಳ್ಳುವ ಪೆಡಲು ಇವೇ ತಪ್ಪಿತಸ್ಥರಾಗಿ ಕಂಡವು. ಇಂಥ ಭಯವಿರುವುದರಿಂದಲೇ ಪೆಡಲಿನಲ್ಲಿ ಸೆನ್ಸರು ಒಂದಲ್ಲ, ಎರಡು. ಎರಡರ ಸಾಕ್ಷಿಯೂ ಹೊಂದಬೇಕು. ಹೊಂದದಿದ್ದರೆ ಕಂಪ್ಯೂಟರು ಯಾರನ್ನೂ ನಂಬದೆ, ಎಂಜಿನ್ನಿಗೆ ಕುಂಟುತ್ತ ಮನೆ ಸೇರುವಷ್ಟು ಮಾತ್ರ ಶಕ್ತಿ ಕೊಡುತ್ತದೆ.

ಹಾಗಾದರೆ ಈ ಕಾರು ಕೆಟ್ಟಿರಲಿಲ್ಲ, ಎಚ್ಚರ ವಹಿಸಿತ್ತು! ಹುಡುಗ ಗೆಳೆಯನ ಸ್ಕ್ಯಾನರ್ ತಂದು ಹಚ್ಚಿದ. ಎರಡನೆಯ ಸೆನ್ಸರಿನ ಸುದ್ದಿಯೇ ಬರುತ್ತಿಲ್ಲವೆಂದು ಅದು ತೋರಿಸಿತು. ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿ ನೋಡುತ್ತ ಹೋದ. ಗಿರಾಕಿ ಕಾರು ನಿಲ್ಲಿಸುತ್ತಿದ್ದುದು ಕಬ್ಬಿನ ಗದ್ದೆಯ ಪಕ್ಕ. ಕೂದಲಿಗಿಂತ ತುಸು ದಪ್ಪದ ತಂತಿಯೊಂದನ್ನು ಇಲಿ ಕಡಿದಿತ್ತು.

ಅಪ್ಪ ಬೆರಳಲ್ಲೇ ಹೆಣೆಯಲು ಹೋದರು. ಮಗ ತಡೆದ: ಜೋಡಣೆ ಸಡಿಲಾದರೆ ವೋಲ್ಟೇಜು ತಪ್ಪಿ, ಕಾರು ಮತ್ತೆ ಕುಂಟುತ್ತದೆ. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಬೆಸುಗೆ ಹಾಕುವಾಗ ಅವನ ಕೈ ನಡುಗಿತು. ಮೇಸ್ತ್ರಿಯವರು ಕಾವೇರಿದ ಕಡ್ಡಿಯನ್ನು ಅವನಿಂದ ತೆಗೆದುಕೊಂಡು ಒಂದೇ ಬಾರಿಗೆ ಮುಗಿಸಿದರು.

ಸಂಜೆ ಕಾರು ಗೇಟು ದಾಟಿದ ಮೇಲೆ ಕೈ ಒರೆಸಿಕೊಳ್ಳುತ್ತ ಅಂದರು: “ಕಡೀಕ ವೈರೇ ಹರದಿತ್ತಲ್ಲೋ!” ಆಮೇಲೆ, ಆ ಸ್ಕ್ಯಾನರಿಗೆ ಎಷ್ಟು ರೊಕ್ಕ ಆಗುತ್ತದೆಂದು ಕೇಳಿದರು.